ಭರಣಿಯ ಹುಳಿರಸವೂ ರಕ್ತನಾಳದ ಉರಿಯೂತವೂ

ಪಶ್ಚಿಮ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಕಿರಿದಾಗಿ ಹಾಸಿಕೊಂಡಿರುವ ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳವರೆಗೆ, ನಾಲ್ಕೇ ತಿಂಗಳುಗಳಲ್ಲಿ ಸುರಿದುಬಿಡುತ್ತದೆ. ಹಿಂದಿನ ಕಾಲದಲ್ಲಿ ಆ ದಿನಗಳು ಬಂದುವೆಂದರೆ ಕಾಪುವಿನ ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ. ಅದರ ನೆರೆಯ ಮಟ್ಟುವಿನಲ್ಲಿ ಗುಳ್ಳಬದನೆ ಬೆಳೆಯುವ ಗದ್ದೆಗಳು ನೀರು ತುಂಬಿ ನಿಲ್ಲುತ್ತಿದ್ದುವು. ಕಾರ್ಕಳದ ಗುಡ್ಡಗಳ ಹಿತ್ತಿಲುಗಳಲ್ಲಿ ತರಕಾರಿಯ ಬಳ್ಳಿ ಕೊಳೆಯುತ್ತಿತ್ತು. ತುಳುವರು ಆಟಿ ಎಂದು ಕರೆಯುವ ತಿಂಗಳಿನಲ್ಲಂತೂ ಊಟದ ಎಲೆಗೆ ಪಲ್ಯವೊದಗುತ್ತಿದ್ದುದು ಉಗ್ರಾಣದಲ್ಲಿ ಸಾಲಾಗಿ ಇಟ್ಟಿದ್ದ ಭರಣಿಗಳಿಂದ.

ಆ ಭರಣಿಗಳಲ್ಲಿ ಏನಿರುತ್ತಿತ್ತು? ಬೇಸಗೆಯಲ್ಲಿ ಬಲಿತ ಹಲಸಿನ ಕಾಯಿಯನ್ನು ಸೀಳಿ, ಸೊಳೆಯನ್ನು ಬಿಡಿಸಿ, ಬೀಜ ತೆಗೆದು, ಉಪ್ಪು ಬೆರಸಿ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿದ ಉಪ್ಪುಸೊಳೆ ಒಂದರಲ್ಲಿ. ತುಳುವಿನಲ್ಲಿ ಇದನ್ನೇ ಉಪ್ಪಡ್ ಪಚ್ಚಿಲ್ ಎನ್ನುತ್ತಾರೆ. ಉಪ್ಪುನೀರಿನಲ್ಲಿ ಮುಳುಗಿಸಿದ ನೀರುಮಾವಿನಕಾಯಿ ಇನ್ನೊಂದರಲ್ಲಿ. ಉಪ್ಪಿನಲ್ಲಿ ಸುಕ್ಕುಗಟ್ಟಿದ ಮಾವಿನ ಮಿಡಿ ಮತ್ತೊಂದರಲ್ಲಿ. ಈ ಪದಾರ್ಥಗಳು ಇಂದಿಗೂ ಆ ಸೀಮೆಯ ಅನೇಕ ಮನೆಗಳಲ್ಲಿ ಉಂಟು.

ಇತ್ತೀಚಿನ ವರ್ಷಗಳಲ್ಲಿ ಇಂಥ ಹುಳಿಸಿದ ತರಕಾರಿಯ ರಸಕ್ಕೆ ಹೊಸದೊಂದು ಕೀರ್ತಿ ಬಂದಿದೆ. ತರಕಾರಿಯನ್ನು ಉಪ್ಪುನೀರಿನಲ್ಲಿ ಹುದುಗಿಸಿ, ಆ ಹುಳಿರಸವನ್ನು ದಿನವೂ ಕುಡಿದರೆ ರಕ್ತನಾಳಗಳ ಉರಿಯೂತ ಇಳಿಯುತ್ತದೆ, ಹೃದಯದ ಬೇನೆ ದೂರವಾಗುತ್ತದೆ ಎಂದು ಹಲವರು ಹೇಳುತ್ತಾರೆ. ಕೆಲವರು ಇದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನೇ ಬದಿಗಿಡಲು ಹೊರಡುವುದೂ ಉಂಟು. ಮಾತು ನಿಜವಾದರೆ ಬಡವನ ಮನೆಯ ಭರಣಿಯಲ್ಲಿಯೇ ಬೆಲೆಬಾಳುವ ಔಷಧವಿದ್ದಂತಾಯಿತು. ಸುಳ್ಳಾದರೆ ಒಂದು ಜೀವಕ್ಕೆ ಅಪಾಯ ಬಂದೀತು. ಆದುದರಿಂದ ಈ ಮಾತನ್ನು ಹಂತ ಹಂತವಾಗಿ ಪರೀಕ್ಷಿಸಿ ನೋಡುವುದು ಯುಕ್ತ.

ಭರಣಿಯೊಳಗೆ ನಡೆಯುವುದೇನು?

ತರಕಾರಿಯ ಮೈಮೇಲೆ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲಕ್ಷಗಟ್ಟಲೆ ಇರುತ್ತವೆ. ಅವುಗಳಲ್ಲಿ ಕೊಳೆಯಿಸುವುವೂ ಉಂಟು, ಹುಳಿಯಾಗಿಸುವುವೂ ಉಂಟು. ಹೆಚ್ಚಿದ ತರಕಾರಿಯನ್ನು ಸುಮ್ಮನೆ ನೀರಿನಲ್ಲಿ ಬಿಟ್ಟರೆ ಕೊಳೆಯಿಸುವ ಪಂಗಡದ ಕೈ ಮೇಲಾಗುವುದು. ಅದಕ್ಕೆ ತಕ್ಕಷ್ಟು ಉಪ್ಪನ್ನು ಸೇರಿಸಿದರೆ ಸ್ಥಿತಿ ಬದಲಾಗುತ್ತದೆ. ಉಪ್ಪು ತರಕಾರಿಯ ಜೀವಕೋಶಗಳಿಂದ ನೀರನ್ನೂ ಅದರೊಡನೆ ಸಕ್ಕರೆಯನ್ನೂ ಹೊರಕ್ಕೆಳೆಯುತ್ತದೆ. ಕೊಳೆಯಿಸುವ ಬ್ಯಾಕ್ಟೀರಿಯಗಳಲ್ಲಿ ಅನೇಕವು ಈ ಉಪ್ಪನ್ನು ತಾಳಲಾರವು. ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಗಳಾದರೋ ಒಂದು ಮಿತಿಯವರೆಗೆ ತಾಳಿಕೊಂಡು, ಹೊರಬಂದ ಸಕ್ಕರೆಯನ್ನು ತಿಂದು ವೃದ್ಧಿಯಾಗುತ್ತವೆ.

ಇವು ಒಂದರ ಹಿಂದೆ ಒಂದರಂತೆ ಬರುವುದು ಸ್ವಾರಸ್ಯದ ಸಂಗತಿ. ಮೊದಲಿಗೆ ಲ್ಯೂಕೊನಾಸ್ಟಾಕ್ ಎಂಬ ಕುಲದ ಬ್ಯಾಕ್ಟೀರಿಯಗಳು ಬೆಳೆದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತವೆ. ಮೊದಲ ದಿನಗಳಲ್ಲಿ ಭರಣಿಯಲ್ಲಿ ಗುಳ್ಳೆಗಳೇಳುವುದು ಇದರಿಂದಲೇ. ಆಮ್ಲ ಹೆಚ್ಚಿದಂತೆ ಅವು ತಾವೇ ಹಿಂದೆ ಸರಿದು, ಹೆಚ್ಚು ಹುಳಿಯನ್ನು ಸಹಿಸಬಲ್ಲ ಪ್ಲಾಂಟಾರಮ್ ಎಂಬ ಜಾತಿಗೂ ಅದರ ಬಂಧುಗಳಿಗೂ ಜಾಗ ಬಿಡುತ್ತವೆ. ಹುಳಿಯ ಅಳತೆಯಾದ ಪಿ.ಎಚ್. ಅಂಕವು 4.6ಕ್ಕಿಂತ ಕೆಳಗಿಳಿದ ಮೇಲೆ, ಮಾರಕ ವಿಷವನ್ನುಂಟುಮಾಡುವ ಬಾಟುಲಿನಮ್ ಎಂಬ ಬ್ಯಾಕ್ಟೀರಿಯವೂ ಅಲ್ಲಿ ಬೆಳೆಯಲಾರದು. ತರಕಾರಿ ತಿಂಗಳುಗಟ್ಟಲೆ ಕೆಡದಿರುವ ಗುಟ್ಟು ಇದೇ. ಹುಳಿಯುವಿಕೆ ಸೂಕ್ಷ್ಮಜೀವಿಗಳ ಕಾರ್ಯವೆಂದು ಲೂಯಿ ಪಾಶ್ಚರನು 1857ರಲ್ಲಿ ತೋರಿಸಿಕೊಟ್ಟನು. ಅದಕ್ಕೆ ಎಷ್ಟೋ ಕಾಲ ಮೊದಲೇ ನಮ್ಮ ಹೆಂಗಸರಿಗೆ ಉಪ್ಪಿನ ಅಳತೆ ಕೈಗೆ ಬಂದಿತ್ತು.

ಈ ಅಳತೆಯೇ ಮುಖ್ಯ. ನೂರು ಗ್ರಾಂ ತರಕಾರಿಗೆ ಎರಡು ಎರಡೂವರೆ ಗ್ರಾಂ ಉಪ್ಪು ಬಿದ್ದರೆ ಹುಳಿಯುವಿಕೆ ಚುರುಕಾಗಿ ನಡೆಯುತ್ತದೆ. ಯೂರೋಪಿನವರು ಎಲೆಕೋಸನ್ನು ಹುಳಿಸುವುದು ಹೆಚ್ಚುಕಡಮೆ ಈ ಪ್ರಮಾಣದಲ್ಲಿ. ಉಪ್ಪು ಶೇಕಡ 10ನ್ನು ಮೀರಿದರೆ ತರಕಾರಿಯನ್ನು ಹುಳಿಸುವ ಸಾಮಾನ್ಯ ಬ್ಯಾಕ್ಟೀರಿಯಗಳೂ ಬಹುಮಟ್ಟಿಗೆ ಕುಗ್ಗುತ್ತವೆ. ನೀರು ಇನ್ನು ಉಪ್ಪನ್ನು ಕರಗಿಸಲಾರದು ಎಂಬಷ್ಟು, ಅಂದರೆ ತೂಕದಲ್ಲಿ ಶೇಕಡ 26ರಷ್ಟು ಉಪ್ಪಾದರೆ ಅಲ್ಲಿ ಹುಳಿಯುವಿಕೆಗೆ ಎಡೆಯೇ ಇಲ್ಲವೆನ್ನಬಹುದು. ಮಳೆಗಾಲವನ್ನು ದಾಟಿಸಬೇಕಾದ ಕರಾವಳಿಯ ಭರಣಿಗೆ ನಮ್ಮವರು ಧಾರಾಳವಾಗಿ ಉಪ್ಪು ಸುರಿಯುತ್ತಾರೆ. ಆದುದರಿಂದ ಎಲ್ಲ ಉಪ್ಪಿನಕಾಯಿಯೂ ಹುದುಗಿದ ಆಹಾರವೆಂದು ತಿಳಿಯಬಾರದು. ಕೆಲವು ಹುಳಿಯಿಂದ ಉಳಿಯುತ್ತವೆ, ಕೆಲವು ಬರಿಯ ಉಪ್ಪಿನಿಂದಲೇ ಉಳಿಯುತ್ತವೆ.

ನಾಳದ ಗೋಡೆಯಲ್ಲಿ ಉರಿ

ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ನೋಯುತ್ತದೆ. ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸನು ಬರೆದಿಟ್ಟಿದ್ದನು. ನಮ್ಮ ಮಾತಿನಲ್ಲಿಯೇ ಉರಿ, ಊತ ಎಂಬ ಎರಡು ಲಕ್ಷಣಗಳು ಸೇರಿಕೊಂಡಿವೆ. ಇದು ರೋಗವಲ್ಲ, ರಕ್ಷಣೆಯ ಕ್ರಮ. ಗಾಯದ ಸ್ಥಳಕ್ಕೆ ರಕ್ತದ ಬಿಳಿಕಣಗಳು ಧಾವಿಸಿ ಬಂದು ಹೊರಗಿನಿಂದ ಬಂದುದನ್ನು ನುಂಗಿ ನಾಶಮಾಡುತ್ತವೆ. ಕೆಲಸ ಮುಗಿದ ಮೇಲೆ ಉರಿ ಆರುತ್ತದೆ.

ಆದರೆ ಆರದೆ ಸಣ್ಣಗೆ ವರ್ಷಾನುಗಟ್ಟಲೆ ಹೊಗೆಯಾಡುವ ಉರಿಯೂತವೂ ಉಂಟು. ಅದಕ್ಕೆ ನೋವಿಲ್ಲ, ಬಾವು ಕಾಣದು. ರಕ್ತನಾಳಗಳ ಗೋಡೆಯಲ್ಲಿ ನಡೆಯುವುದು ಈ ಬಗೆಯದು. ರಕ್ತನಾಳಗಳೇ ತೀವ್ರವಾಗಿ ಊದಿಕೊಳ್ಳುವ ವಾಸ್ಕ್ಯುಲೈಟಿಸ್ ಎಂಬ ಬೇರೆಯೇ ವರ್ಗದ ವಿರಳ ರೋಗಗಳಿವೆ. ಅವಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ನಾವಿಲ್ಲಿ ವಿಚಾರಿಸುತ್ತಿರುವುದು ಬಹುಜನರನ್ನು ಕಾಡುವ, ಧಮನಿಗಳು ದಡ್ಡುಗಟ್ಟಿ ಕಿರಿದಾಗುವ ಅಥೆರೊಸ್ಕ್ಲೆರೋಸಿಸ್ ಎಂಬ ಬೇನೆಯನ್ನು.

ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿಗೆ ಸೇರಿದ ಅಂಗರಚನಾ ಮತ್ತು ರೋಗಶಾಸ್ತ್ರ ಸಂಗ್ರಹಾಲಯವಿದೆ. ಅಲ್ಲಿ ಮನುಷ್ಯನ ಅವಯವಗಳನ್ನು ಕೆಡದಂತೆ ಕಾಪಿಟ್ಟು ಸಾರ್ವಜನಿಕರ ನೋಟಕ್ಕೆ ಇರಿಸಿದ್ದಾರೆ. ಅಂಥ ಕಡೆ ಹೃದಯವನ್ನೂ ಅದರ ಧಮನಿಗಳನ್ನೂ ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗೆ ಮುಂದಿನ ವಿವರಣೆ ಸುಲಭವಾಗುತ್ತದೆ.

ಧಮನಿಯ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪನೆಯ ನಯವಾದ ಪೊರೆಯುಂಟು. ರಕ್ತದ ಒತ್ತಡ ಹೆಚ್ಚಿದರೆ, ಹೊಗೆಸೊಪ್ಪಿನ ಹೊಗೆ ಸೇರಿದರೆ, ಸಕ್ಕರೆ ಅತಿಯಾದರೆ ಈ ಪೊರೆ ಪೆಟ್ಟು ತಿನ್ನುತ್ತದೆ. ಎಲ್.ಡಿ.ಎಲ್. ಎಂದು ಕರೆಯುವ, ಕೊಲೆಸ್ಟರಾಲನ್ನು ಹೊತ್ತ ಕಣಗಳು ಆಗ ಪೊರೆಯ ಅಡಿಗೆ ಜಿನುಗಿ ಅಲ್ಲಿಯೇ ತಂಗಿ ಮಾರ್ಪಾಡಾಗುತ್ತವೆ. ದೇಹ ಅವನ್ನು ಪರಕೀಯವೆಂದು ಬಗೆದು ಬಿಳಿಕಣಗಳನ್ನು ಕಳುಹಿಸುತ್ತದೆ. ಅವು ಪೊರೆಯನ್ನು ನುಸುಳಿ ಒಳಹೊಕ್ಕು ಭಕ್ಷಕಕೋಶಗಳಾಗಿ ಆ ಕೊಬ್ಬನ್ನು ನುಂಗುತ್ತವೆ. ನುಂಗಿದ್ದನ್ನು ಅರಗಿಸಲಾರದೆ ಉಬ್ಬಿ ನೊರೆಯಂತೆ ಕಾಣುತ್ತವೆ. ಇವುಗಳಿಗೆ ನೊರೆಕೋಶಗಳೆಂದೇ ಹೆಸರು. ಸಿಕ್ಕಿಬಿದ್ದ ಈ ಕೋಶಗಳು ಇಂಟರ್‌ಲ್ಯೂಕಿನ್ ಮೊದಲಾದ ಸಂಕೇತದ್ರವ್ಯಗಳನ್ನು ಸ್ರವಿಸಿ ಇನ್ನಷ್ಟು ಬಿಳಿಕಣಗಳನ್ನು ಕರೆಯುತ್ತವೆ. ಹೀಗೆ ಗೋಡೆಯಲ್ಲಿ ದಡ್ಡು ಬೆಳೆಯುತ್ತದೆ. ಒಂದು ದಿನ ಅದರ ತೆಳ್ಳನೆಯ ಮುಚ್ಚಳ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದು. ಹೃದಯದ ನಾಳವಾದರೆ ಹೃದಯಾಘಾತ, ಮಿದುಳಿನದಾದರೆ ಪಾರ್ಶ್ವವಾಯು.

ಈ ತಿಳಿವಳಿಕೆ ಒಂದೇ ದಿನ ಬಂದುದಲ್ಲ. ಧಮನಿಯ ಬೇನೆಯಲ್ಲಿ ಉರಿಯೂತದ ಪಾತ್ರವಿದೆಯೆಂದು ಜರ್ಮನಿಯ ವಿರ್ಕೋ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಸೂಚಿಸಿದ್ದನು. 1913ರಲ್ಲಿ ರಷ್ಯದ ಅನಿಚ್ಕಾವನು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅವುಗಳ ಧಮನಿಗಳಲ್ಲಿ ದಡ್ಡು ಬರಿಸಿದನು. ಆಮೇಲೆ ಬಹುಕಾಲ ವಿದ್ವಾಂಸರ ಗಮನವೆಲ್ಲ ಕೊಬ್ಬಿನ ಕಡೆಗೇ ಇದ್ದಿತು. ಉರಿಯೂತವನ್ನಷ್ಟೇ ತಗ್ಗಿಸಿದರೂ ಪ್ರಯೋಜನವುಂಟೆಂಬುದು ಸ್ಪಷ್ಟವಾದುದು 2017ರಲ್ಲಿ. ಆ ವರ್ಷ ಪ್ರಕಟವಾದ ಕ್ಯಾಂಟೋಸ್ ಎಂಬ ಪರೀಕ್ಷೆಯಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,061 ರೋಗಿಗಳು ಭಾಗವಹಿಸಿದ್ದರು. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತದ್ರವ್ಯವನ್ನು ತಡೆಯುವ ಔಷಧವನ್ನು ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಲ್ಲಿ, ಎಲ್.ಡಿ.ಎಲ್. ಇಳಿಯದಿದ್ದರೂ ಹೃದಯಾಘಾತ, ಪಾರ್ಶ್ವವಾಯು ಮತ್ತು ಅಂಥ ಕಾರಣದ ಸಾವುಗಳು ಒಟ್ಟಿನಲ್ಲಿ ಶೇಕಡ 15ರಷ್ಟು ಕಡಮೆಯಾದುವು. ಜೊತೆಗೆ ಇನ್ನೊಂದು ಪಾಠವೂ ದೊರೆಯಿತು: ಔಷಧ ಪಡೆದವರಲ್ಲಿ ಸೋಂಕಿನಿಂದ ಸತ್ತವರು ಸ್ವಲ್ಪ ಹೆಚ್ಚು. ಕಾವಲುಗಾರನನ್ನು ಮಲಗಿಸಿದರೆ ಮನೆಯ ಗಲಭೆ ನಿಲ್ಲುತ್ತದೆ, ಕಳ್ಳನಿಗೂ ಅನುಕೂಲವಾಗುತ್ತದೆ.

ಉರಿಯೂತವನ್ನು ಅಳೆಯುವ ಬಗೆ ಹೇಗೆ? 1930ರಲ್ಲಿ ಅಮೆರಿಕದ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಒಂದು ಪ್ರೋಟೀನನ್ನು ಕಂಡುಹಿಡಿದರು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ಸಂಕ್ಷೇಪವಾಗಿ ಸಿ.ಆರ್.ಪಿ. ದೇಹದಲ್ಲಿ ಎಲ್ಲಿಯಾದರೂ ಉರಿ ಎದ್ದರೆ ಯಕೃತ್ತು ಇದನ್ನು ಹೆಚ್ಚಾಗಿ ತಯಾರಿಸುತ್ತದೆ. ಆದರೆ ಇದು ಊರಿನ ಮೇಲೆ ಎದ್ದ ಹೊಗೆಯಿದ್ದಂತೆ: ಬೆಂಕಿಯುಂಟೆಂದು ತಿಳಿಸುತ್ತದೆ, ಯಾರ ಮನೆಯಲ್ಲಿ ಎಂದು ಹೇಳದು.

ಕರುಳಿನಿಂದ ನಾಳಕ್ಕೆ ದಾರಿ

ಭರಣಿಯ ರಸ ಸೇರುವುದು ಹೊಟ್ಟೆಯನ್ನು. ಉರಿಯೂತ ಇರುವುದು ಧಮನಿಯ ಗೋಡೆಯಲ್ಲಿ. ಇವೆರಡಕ್ಕೂ ಸಂಬಂಧವೆಲ್ಲಿ?

ಈ ಎರಡು ತುದಿಗಳನ್ನೂ ಒಬ್ಬನೇ ವಿಜ್ಞಾನಿ ಮುಟ್ಟಿದ್ದನು. ರಷ್ಯದಲ್ಲಿ ಹುಟ್ಟಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದ ಎಲಿ ಮೆಚ್ನಿಕಾಫನೇ ಆತ. 1882ರಲ್ಲಿ ಆತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮುಳ್ಳಿನ ಸುತ್ತ ಭಕ್ಷಕಕೋಶಗಳು ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಉರಿಯೂತದ ಒಳಗುಟ್ಟು ಬಯಲಾದುದು ಅಂದು. 1908ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕವೂ ಬಂದಿತು. ಅದೇ ಮೆಚ್ನಿಕಾಫನು ಮುಪ್ಪಿಗೆ ಕರುಳಿನ ಕೆಟ್ಟ ಬ್ಯಾಕ್ಟೀರಿಯಗಳೇ ಕಾರಣವೆಂದೂ ಹುಳಿಹಾಲನ್ನು ಸೇವಿಸಿದರೆ ಆಯುಸ್ಸು ಬೆಳೆಯುವುದೆಂದೂ ಸಾರಿದನು. ತಾನೂ ಹುಳಿಹಾಲನ್ನು ಸೇವಿಸುತ್ತಿದ್ದನು. 1916ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ, ಹೃದಯದ ವೈಫಲ್ಯದಿಂದ ತೀರಿಕೊಂಡನು. ಆತನ ಮೊದಲ ಮಾತು ಪ್ರಯೋಗದಿಂದ ನಿಂತಿತು. ಎರಡನೆಯದು ಆ ಕಾಲಕ್ಕೆ ಊಹೆಯಾಗಿಯೇ ಉಳಿಯಿತು. ಮಾತನಾಡಿದವನು ದೊಡ್ಡವನೆಂಬ ಕಾರಣದಿಂದ ಊಹೆಯು ಸಿದ್ಧಾಂತವಾಗದು.

ಇಂದು ನಮಗೆ ಇನ್ನಷ್ಟು ವಿಷಯ ತಿಳಿದಿದೆ. ದೇಹದ ರಕ್ಷಣಾಕೋಶಗಳಲ್ಲಿ ಬಹುದೊಡ್ಡ ಪಾಲು ಕರುಳಿನ ಗೋಡೆಯ ಸುತ್ತಲೇ ನೆಲೆಸಿದೆ. ಕರುಳಿನ ಬ್ಯಾಕ್ಟೀರಿಯಗಳು ನಾರಿನ ಪದಾರ್ಥವನ್ನು ತಿಂದು ಕಿರಿಯ ಸರಣಿಯ ಕೊಬ್ಬಿನ ಆಮ್ಲಗಳನ್ನು ಉಂಟುಮಾಡುತ್ತವೆ. ಇವು ಕರುಳಿನ ಒಳಪೊರೆಗೆ ಆಹಾರವಾಗಿ ಅದನ್ನು ಭದ್ರಪಡಿಸುತ್ತವೆ. ಪೊರೆ ಸಡಿಲವಾದರೆ ಬ್ಯಾಕ್ಟೀರಿಯಗಳ ತುಣುಕುಗಳು ರಕ್ತಕ್ಕೆ ಸೋರಿ ಮೈಯೆಲ್ಲ ಸಣ್ಣ ಉರಿಯನ್ನು ಎಬ್ಬಿಸಬಲ್ಲುವು. ಆದುದರಿಂದ ಕರುಳಿನ ಸ್ಥಿತಿಗೂ ರಕ್ತನಾಳದ ಸ್ಥಿತಿಗೂ ಸಂಬಂಧವಿರುವುದು ಅಸಂಭವವೇನಲ್ಲ.

ಇನ್ನೊಂದು ದಾರಿಯೂ ಉಂಟು. ಸೊಪ್ಪುಗಳಲ್ಲಿ ಮತ್ತು ಬೀಟ್‌ರೂಟಿನಲ್ಲಿ ನೈಟ್ರೇಟ್ ಲವಣವಿದೆ. ನಮ್ಮ ನಾಲಗೆಯ ಮೇಲಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹದೊಳಗೆ ಅದರಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವುಂಟಾಗಿ ರಕ್ತನಾಳವನ್ನು ಸಡಿಲಿಸುತ್ತದೆ. ಈ ಅನಿಲದ ಕಾರ್ಯವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮ್ಯುರಾಡ್ ಎಂಬವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅರ್ಧ ಲೀಟರ್ ಬೀಟ್‌ರೂಟಿನ ರಸವನ್ನು ಕುಡಿದ ಆರೋಗ್ಯವಂತರಲ್ಲಿ ಕೆಲವು ಗಂಟೆಗಳ ಕಾಲ ರಕ್ತದ ಒತ್ತಡ ಇಳಿದುದನ್ನು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಗಮನಿಸಬೇಕಾದುದೇನೆಂದರೆ, ಆ ರಸ ಹುದುಗಿಸಿದ್ದಲ್ಲ, ಉಪ್ಪು ಹಾಕಿದ್ದೂ ಅಲ್ಲ.

ಮೂವತ್ತಾರು ಮಂದಿಯ ಪರೀಕ್ಷೆ

ಹುದುಗಿದ ಆಹಾರವನ್ನು ಮನುಷ್ಯರಿಗೇ ಕೊಟ್ಟು ಉರಿಯೂತವನ್ನು ಅಳೆದ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ್ದು. ಇದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ 36 ಮಂದಿ ವಯಸ್ಕರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ನಾರು ಹೆಚ್ಚಿರುವ ಆಹಾರವನ್ನೂ ಇನ್ನೊಂದಕ್ಕೆ ಹುದುಗಿದ ಆಹಾರವನ್ನೂ ಹತ್ತು ವಾರಗಳ ಕಾಲ ಗೊತ್ತುಮಾಡಿದರು. ಎರಡನೆಯ ಪಂಗಡದವರು ಮೊಸರು, ಕೆಫಿರ್ ಎಂಬ ಹುಳಿಹಾಲು, ಕೊರಿಯ ದೇಶದ ಕಿಮ್ಚಿ, ಕೊಂಬುಚ ಎಂಬ ಹುದುಗಿದ ಚಹ, ತರಕಾರಿಯ ಹುಳಿ ಉಪ್ಪುನೀರಿನ ಪಾನೀಯ ಮೊದಲಾದುವನ್ನು ಕ್ರಮವಾಗಿ ಹೆಚ್ಚಿಸುತ್ತ ದಿನಕ್ಕೆ ಸುಮಾರು ಆರು ಪಾಲಿನಷ್ಟು ಸೇವಿಸಿದರು.

ಫಲವೇನು? ಹುದುಗಿದ ಆಹಾರದ ಪಂಗಡದಲ್ಲಿ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದುವು. ಇಂಟರ್‌ಲ್ಯೂಕಿನ್-6 ಅವುಗಳಲ್ಲಿ ಒಂದು. ನಾರಿನ ಪಂಗಡದಲ್ಲಿ ಆ ಅವಧಿಯೊಳಗೆ ಇಂಥ ಒಟ್ಟಾದ ಇಳಿಕೆ ಕಾಣಲಿಲ್ಲ. ಹೊಸದಾಗಿ ಕಂಡ ಸೂಕ್ಷ್ಮಜೀವಿಗಳಲ್ಲಿ ಆಹಾರದಿಂದ ನೇರವಾಗಿ ಬಂದವು ಅಲ್ಪಭಾಗ ಮಾತ್ರ ಎಂಬುದು ಇನ್ನೂ ಕುತೂಹಲಕರ. ಹುದುಗಿದ ಆಹಾರ ಕರುಳಿನ ವಾತಾವರಣವನ್ನೇ ಬದಲಿಸಿ ಬೇರೆ ಜೀವಿಗಳಿಗೆ ಎಡೆಮಾಡಿಕೊಟ್ಟಿರಬೇಕು.

ಸಂತೋಷಪಡತಕ್ಕ ಫಲವೇ ಸರಿ. ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಜನ? ಪಂಗಡಕ್ಕೆ ಹದಿನೆಂಟೇ ಮಂದಿ. ಎಂಥವರು? ಆರೋಗ್ಯವಂತರು, ಹೃದ್ರೋಗಿಗಳಲ್ಲ. ಎಷ್ಟು ಕಾಲ? ಹತ್ತು ವಾರ, ಧಮನಿಯಲ್ಲಿ ದಡ್ಡು ಬೆಳೆಯಲು ಹಿಡಿಯುವುದು ಹತ್ತಾರು ವರ್ಷ. ಅಳೆದುದೇನು? ರಕ್ತದಲ್ಲಿ ತೇಲುವ ಪ್ರೋಟೀನುಗಳನ್ನು. ಧಮನಿಯ ಗೋಡೆಯನ್ನಾಗಲಿ ಹೃದಯಾಘಾತಗಳ ಸಂಖ್ಯೆಯನ್ನಾಗಲಿ ಅಲ್ಲ. ಮೇಲಾಗಿ ಅವರು ಸೇವಿಸಿದುದು ಹಲವು ಬಗೆಯ ಪದಾರ್ಥಗಳನ್ನು. ಇಳಿಕೆಯ ಕೀರ್ತಿ ಮೊಸರಿಗೆ ಎಷ್ಟು, ತರಕಾರಿಯ ರಸಕ್ಕೆ ಎಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ದಾರಿ ತೆರೆದಿದೆ ಎನ್ನಲು ಈ ಪ್ರಯೋಗ ಸಾಕು. ಊರು ಮುಟ್ಟಿದೆವು ಎನ್ನಲು ಸಾಲದು.

ಉಪ್ಪಿನ ಲೆಕ್ಕ

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ವಯಸ್ಕನು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯರು ಸರಾಸರಿ ಸುಮಾರು 8 ಗ್ರಾಂ ತಿನ್ನುತ್ತಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಿಂದ ತಿಳಿದುಬರುತ್ತದೆ. ಅಂದರೆ ಭರಣಿಯ ಮುಚ್ಚಳ ತೆಗೆಯುವುದಕ್ಕೆ ಮೊದಲೇ ನಾವು ಮಿತಿಯನ್ನು ದಾಟಿದ್ದೇವೆ.

ಲೆಕ್ಕ ಸುಲಭ. ಶೇಕಡ 2.5ರ ಉಪ್ಪುನೀರು 100 ಮಿಲಿಲೀಟರ್ ಕುಡಿದರೆ ಸುಮಾರು 2.5 ಗ್ರಾಂ ಉಪ್ಪು ಒಳಹೋಗುತ್ತದೆ. ದಿನದ ಮಿತಿಯಲ್ಲಿ ಅರ್ಧಭಾಗ ಒಂದು ಸಣ್ಣ ಲೋಟದಲ್ಲಿಯೇ ಮುಗಿಯಿತು. ಕರಾವಳಿಯ ಭರಣಿಯಲ್ಲಿ ಶೇಕಡ 10ರ ಉಪ್ಪುನೀರಿದ್ದರೆ ಅದೇ ಲೋಟದಲ್ಲಿ ಸುಮಾರು 10 ಗ್ರಾಂ, ಎಂದರೆ ಎರಡು ದಿನಗಳ ಮಿತಿ. ಉಪ್ಪಿನಲ್ಲಿರುವ ಸೋಡಿಯಮ್ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಒತ್ತಡ ಏರುತ್ತದೆ. ಏರಿದ ಒತ್ತಡ ಧಮನಿಯ ಒಳಪೊರೆಯನ್ನು ಘಾಸಿಮಾಡುತ್ತದೆ. ಉರಿಯೂತದ ಮೊದಲ ಮೆಟ್ಟಿಲೇ ಪೊರೆಯ ಆ ಪೆಟ್ಟು ಎಂಬುದನ್ನು ಹಿಂದೆ ನೋಡಿದೆವಲ್ಲವೆ? ಹೀಗೆ ಉರಿಯನ್ನು ಆರಿಸಲೆಂದು ಕುಡಿದ ರಸವೇ ಉರಿಗೆ ಸೌದೆಯಾದೀತು.

ಉಪ್ಪಿನ ಸಾಕ್ಷ್ಯದ ಬಲವನ್ನು ನೋಡಿರಿ. ಚೀನ ದೇಶದ 600 ಹಳ್ಳಿಗಳಲ್ಲಿ 20,995 ಮಂದಿಯನ್ನೊಳಗೊಂಡ ಪರೀಕ್ಷೆಯೊಂದು ಸುಮಾರು ಐದು ವರ್ಷ ನಡೆದು, ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಮಂದಿ ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದವರು. ಉಳಿದವರು ರಕ್ತದೊತ್ತಡವುಳ್ಳ ಹಿರಿಯರು. ಅರ್ಧ ಹಳ್ಳಿಗಳಲ್ಲಿ ಅಡುಗೆಯ ಉಪ್ಪಿಗೆ ಬದಲಾಗಿ, ಸೋಡಿಯಮಿನ ಒಂದು ಭಾಗವನ್ನು ತೆಗೆದು ಪೊಟ್ಯಾಸಿಯಮ್ ಸೇರಿಸಿದ ಉಪ್ಪನ್ನು ಕೊಟ್ಟರು. ಅಷ್ಟರಿಂದಲೇ ಪಾರ್ಶ್ವವಾಯು ಶೇಕಡ 14ರಷ್ಟು ಕಡಮೆಯಾಯಿತು. ಹುಳಿರಸದ ಪರವಾಗಿ 36 ಮಂದಿಯ ಹತ್ತು ವಾರಗಳು. ಉಪ್ಪಿನ ವಿರುದ್ಧವಾಗಿ ಸುಮಾರು 21,000 ಮಂದಿಯ ಐದು ವರ್ಷಗಳು. ರಕ್ತದೊತ್ತಡ, ಮೂತ್ರಪಿಂಡದ ಬೇನೆ ಅಥವಾ ಹೃದಯದ ದೌರ್ಬಲ್ಯ ಉಳ್ಳವನು ಭರಣಿಯ ರಸವನ್ನು ಲೋಟಗಟ್ಟಲೆ ಕುಡಿಯಬಾರದೆಂಬುದಕ್ಕೆ ಬೇರೆ ವಾದ ಬೇಕಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವನ್ನು ಸೇವಿಸುತ್ತಿರುವವರೂ ಬೇಯಿಸದ ಹುದುಗಿದ ಪದಾರ್ಥಗಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಅಡುಗೆಮನೆಯ ವಿವೇಕ

ಇನ್ನು ಕರಾವಳಿಯ ಗೃಹಿಣಿ ಉಪ್ಪುಸೊಳೆಯನ್ನು ಬಳಸುವ ಕ್ರಮವನ್ನು ಗಮನಿಸಿರಿ. ಭರಣಿಯಿಂದ ತೆಗೆದ ಸೊಳೆಯನ್ನು ಆಕೆ ನೇರವಾಗಿ ಒಲೆಗೆ ಏರಿಸುವುದಿಲ್ಲ. ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಹಿಂಡಿ, ಉಪ್ಪನ್ನು ಬಿಡಿಸಿದ ಮೇಲೆಯೇ ಪಲ್ಯವಾಗಲಿ ರೊಟ್ಟಿಯಾಗಲಿ ಸಿದ್ಧವಾಗುವುದು. ಆಕೆಗೆ ಬೇಕಾದುದು ಮಳೆಗಾಲಕ್ಕೆ ಉಳಿದುಬಂದ ತರಕಾರಿ. ಉಪ್ಪುನೀರು ಅದನ್ನು ಉಳಿಸಿದ ಸಾಧನ ಮಾತ್ರ. ಮಿಡಿ ಉಪ್ಪಿನಕಾಯಿಯ ಉಪ್ಪುನೀರನ್ನು ಕುದಿಸಿ ಆರಿಸಿ ಮಸಾಲೆಗೆ ಬಳಸುವ ಮನೆಗಳುಂಟು. ಆದರೆ ಆ ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಬಡಿಸುತ್ತಾರೆ, ಲೋಟಕ್ಕೆ ಸುರಿಯುವುದಿಲ್ಲ. ರಸವನ್ನೇ ಪಾನಮಾಡುವುದು ಹಿರಿಯರ ಪದ್ಧತಿಯೆಂದು ಹೇಳುವವರು ಈ ಕ್ರಮವನ್ನು ನೋಡಿಲ್ಲ.

ಇನ್ನೊಂದು ಮಾತು. ಪಲ್ಯ ಬೆಂದಾಗ, ರೊಟ್ಟಿ ಕಾವಲಿಯ ಮೇಲೆ ಕಾದಾಗ, ಇಡ್ಲಿ ಹಬೆಯಲ್ಲಿ ಬೆಂದಾಗ ಹುಳಿಸಿದ ಬ್ಯಾಕ್ಟೀರಿಯಗಳು ಸಾಯುತ್ತವೆ. ಹುದುಗಿದ್ದರಿಂದ ಬಂದ ರುಚಿಯೂ ಮೃದುತ್ವವೂ ಉಳಿಯುತ್ತವೆ, ಜೀವಿಗಳು ಉಳಿಯುವುದಿಲ್ಲ. ಹಾಗಾದರೆ ಜೀವಂತ ಹುದುಗು ನಮ್ಮ ಊಟದಲ್ಲಿ ಎಲ್ಲಿದೆ? ಮಜ್ಜಿಗೆಯಲ್ಲಿದೆ. ಒಂದೆಲಗದ ಸೊಪ್ಪನ್ನು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಗೆ ಬೆರಸಿ, ಕುದಿಸದೆ ಬಡಿಸುವ ತಂಬುಳಿಯಲ್ಲಿದೆ. ಇದರಲ್ಲಿ ಸೊಪ್ಪುಂಟು, ಹುಳಿಯುಂಟು, ಜೀವಾಣುಗಳುಂಟು; ಉಪ್ಪು ಚಿಟಿಕೆ ಹಾಕಿದರೆ ಸಾಕು, ಹಾಕದಿದ್ದರೂ ಕೆಡುಕಿಲ್ಲ. ಇದು ಹೃದ್ರೋಗಕ್ಕೆ ಔಷಧವೆಂದು ನಾನು ಹೇಳುತ್ತಿಲ್ಲ. ಹುದುಗಿದ ಆಹಾರದಿಂದ ಗುಣವುಂಟೆಂದು ಮುಂದೆ ಸಿದ್ಧವಾದರೆ, ಆ ಗುಣವನ್ನು ಉಪ್ಪಿನ ದಂಡ ತೆರದೆ ಪಡೆಯುವ ದಾರಿ ನಮ್ಮ ಎಲೆಯ ಮೇಲೆಯೇ ಇದೆ ಎಂಬುದಷ್ಟೇ ನನ್ನ ಮಾತು.

ಮಾಡಿ ನೋಡಿ

ಮೂರು ಗಾಜಿನ ಬಾಟಲಿಗಳನ್ನು ತೊಳೆದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಕುದಿಸಿ ಆರಿಸಿದ ನೀರು 100 ಮಿಲಿಲೀಟರ್ ಹಾಕಿ, ಮುಳ್ಳುಸೌತೆಯ ನಾಲ್ಕು ತುಂಡುಗಳನ್ನು ನೀರಿನಲ್ಲಿ ಪೂರ್ತಿ ಮುಳುಗುವಂತೆ ಬಿಡಿ. ಮೊದಲನೆಯದಕ್ಕೆ ಉಪ್ಪು ಬೇಡ, ಎರಡನೆಯದಕ್ಕೆ 2.5 ಗ್ರಾಂ, ಮೂರನೆಯದಕ್ಕೆ 10 ಗ್ರಾಂ ಉಪ್ಪು ಕರಗಿಸಿ. ಅನಿಲ ಹೊರಹೋಗಲು ಮುಚ್ಚಳವನ್ನು ತುಸು ಸಡಿಲವಾಗಿಡಿ. ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರು ನಿಮಗೆ ಬೇಕಾದ ಸೂಚಕ. ಆಮ್ಲ ತಗಲಿದರೆ ಅದು ಗಾಢ ಗುಲಾಬಿ ಬಣ್ಣಕ್ಕೂ ಕ್ಷಾರ ತಗಲಿದರೆ ಹಸುರಿಗೂ ತಿರುಗುತ್ತದೆ. ಏಳು ದಿನ, ದಿನಕ್ಕೊಮ್ಮೆ ಪ್ರತಿ ಬಾಟಲಿಯಿಂದ ಕೆಲವು ತೊಟ್ಟು ತೆಗೆದು ಸೂಚಕಕ್ಕೆ ಬೆರಸಿ, ಬಣ್ಣ, ಗುಳ್ಳೆ, ಕದಡು, ವಾಸನೆಗಳನ್ನು ಪಟ್ಟಿಮಾಡಿ. ಯಾವುದನ್ನೂ ಬಾಯಿಗೆ ಹಾಕಬೇಡಿ. ಯಾವ ಬಾಟಲಿ ಬೇಗ ಹುಳಿಯಾಯಿತು, ಯಾವುದು ಕೊಳೆಯಿತು, ಯಾವುದು ಬಹುಕಾಲ ಹಾಗೆಯೇ ಉಳಿಯಿತು ಎಂಬುದರಿಂದ ಉಪ್ಪಿನ ಅಳತೆಯ ಮಹತ್ತ್ವ ನಿಮಗೇ ಗೊತ್ತಾಗುವುದು.

ನಮ್ಮ ವಿಚಾರಣೆಯ ಫಲವನ್ನು ಹೀಗೆ ಸಂಗ್ರಹಿಸಬಹುದು. ಭರಣಿಯ ಹುಳಿಯುವಿಕೆ ನಿಜವಾದ ಜೀವವ್ಯಾಪಾರ. ಧಮನಿಯ ಬೇನೆಯಲ್ಲಿ ಉರಿಯೂತದ ಪಾತ್ರವೂ ನಿಜ. ಕರುಳಿನ ಮೂಲಕ ಇವೆರಡಕ್ಕೂ ನಂಟಿರಬಹುದೆಂಬುದಕ್ಕೆ ಒಳ್ಳೆಯ ಸೂಚನೆಗಳಿವೆ. ಆದರೆ ಹುದುಗಿದ ತರಕಾರಿಯ ರಸ ಹೃದಯಾಘಾತವನ್ನು ತಡೆಯುತ್ತದೆ ಎಂಬುದು ಸಿದ್ಧವಾಗಿಲ್ಲ, ಅದರಲ್ಲಿರುವ ಉಪ್ಪಿನ ಕೇಡು ಸಿದ್ಧವಾಗಿದೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಮಾತ್ರೆಯನ್ನು ಬಿಟ್ಟು ಭರಣಿಯ ರಸವನ್ನು ಹಿಡಿಯಲು ಹೊರಟರೆ, ಮರ್ಯಾದೆಯಿಂದ ಅವರ ಪಕ್ಕದಲ್ಲಿ ಕುಳಿತು ಈ ಲೆಕ್ಕವನ್ನು ತೋರಿಸಿರಿ; ಮಾತ್ರೆಯನ್ನು ಕೈಗೆ ಕೊಡಿರಿ, ಊಟಕ್ಕೆ ಮಜ್ಜಿಗೆಯನ್ನು ಬಡಿಸಿರಿ. ಭರಣಿಯಲ್ಲಿರುವ ಉಪ್ಪುಸೊಳೆ ಆಟಿಯ ಮಳೆಗೆ ಹಿಂದಿನಂತೆಯೇ ಕಾದಿರಲಿ.